ಜವರಯ್ಯನ ಬಾಯಿಗೆ ಬಾರದ ಹೆಸರು

ಕೊತ್ತತ್ತಿಯ ಜವರಯ್ಯನಿಗೆ ಯಾರ ಭಯವೂ ಇಲ್ಲ ಅಂತ ಊರೆಲ್ಲ ನಂಬಿದೆ. ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿ, ಒಂದು ವರ್ಷ ಸೆರೆಯಲ್ಲಿದ್ದು ಜೀವಂತ ಬಂದ ಆಳು. ನಾಲೆ ನೀರಿನ ಜಗಳಕ್ಕೆ ಅವನು ಬಂದು ನಿಂತರೆ ಸಾಕು, ಗುದ್ದಲಿ ಎತ್ತಿದವರು ಇಳಿಸುತ್ತಾರೆ. ಅಂಥ ಮನುಷ್ಯನಿಗೆ ಹೆಂಡತಿಯ ಹೆಸರು ಹೇಳುವಷ್ಟು ಧೈರ್ಯ ಮಾತ್ರ ಇವತ್ತಿನವರೆಗೂ ಬಂದಿಲ್ಲ.

ನಗಬೇಡಿ. ಆ ಕಾಲದಲ್ಲಿ ಗಂಡ ಹೆಂಡಿರು ಒಬ್ಬರ ಹೆಸರನ್ನೊಬ್ಬರು ಎತ್ತುತ್ತಿರಲಿಲ್ಲ. ಬಸರಾಳಿನ ಮಲ್ಲಿಗಮ್ಮನನ್ನು ಮದುವೆಯಾಗಿ ಮೂರು ತಿಂಗಳಿಗೇ ಗಡಿಗೆ ಹೋದವನು ಸೆರೆ ಸಿಕ್ಕ. ಅಲ್ಲಿ ಚಳಿ ಮೂಳೆಗೆ ಇಳಿಯುತ್ತಿತ್ತು. ಒಣ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಉಂಡೆ ಕಟ್ಟಿ, ಮುದ್ದೆಯ ಹಾಗೆ ಅಗಿಯದೆ ನುಂಗುತ್ತಿದ್ದ. ಕಂಬಳಿ ಮುಸುಕೆಳೆದುಕೊಂಡು ಮನಸ್ಸಿನಲ್ಲೇ ಮಲ್ಲಿಗಮ್ಮ, ಮಲ್ಲಿಗಮ್ಮ ಅನ್ನುತ್ತಿದ್ದ. ಅವನನ್ನು ಬದುಕಿಸಿದ್ದು ಅದೇ.

ಒಂದು ದಿನ ಸೆರೆಯಾಳುಗಳನ್ನು ಸಾಲಾಗಿ ನಿಲ್ಲಿಸಿ, ನೀವು ಬದುಕಿದ್ದೀರೆಂದು ಮನೆಯಲ್ಲಿ ಯಾರಿಗೆ ತಿಳಿಸಬೇಕು ಎಂದು ಕೇಳಿದರು. ಪಂಜಾಬಿನವನೊಬ್ಬ ಹೆಂಡತಿಯ ಹೆಸರು ಹೇಳಿದ. ಜೊತೆಯವರು ಕಿಸಕ್ಕೆಂದು ನಕ್ಕರು. ಜವರಯ್ಯನ ಸರದಿ ಬಂದಾಗ ಕಿವಿ ಬಿಸಿಯಾಯಿತು. ಅಣ್ಣ ತಿಮ್ಮಯ್ಯನ ಹೆಸರು ಹೇಳಿಬಿಟ್ಟ.

ಸುದ್ದಿ ತಿಮ್ಮಯ್ಯನಿಗೇ ಬಂತು. ಆದರೆ ಆ ಪುಣ್ಯಾತ್ಮ, ಅದಕ್ಕೂ ಮೊದಲು ತಮ್ಮ ಕಾಣೆಯಾಗಿದ್ದಾನೆಂಬ ತಂತಿ ಬಂದದ್ದೇ ಸತ್ತನೆಂದು ತಿಳಿದು, ತಿಥಿ ಮಾಡಿ ಊರಿಗೆಲ್ಲ ಉಣ್ಣಲಿಕ್ಕಿದ್ದ. ಮಲ್ಲಿಗಮ್ಮನ ಬಳೆ ಒಡೆಸಿ ತವರಿಗೆ ಕಳಿಸಿದ್ದ. ಈಗ ಬದುಕಿದ್ದಾನೆ ಅಂದರೆ ಜನ ಮುಖಕ್ಕೆ ಉಗಿಯುತ್ತಾರೆಂದು ಬಾಯಿ ಹೊಲಿದುಕೊಂಡು ಕೂತ. ಬಿಡುಗಡೆಯಾದ ಜವರಯ್ಯ ಬಸರಾಳಿನ ಮನೆ ಬಾಗಿಲಲ್ಲಿ ನಿಂತಾಗಲೇ ಅವಳಿಗೆ ಗೊತ್ತಾದದ್ದು. ಗಂಡ ಬದುಕಿರುವಾಗಲೇ ಅವಳು ತಿಂಗಳಾನುಗಟ್ಟಲೆ ಬರಿಗೈಯಲ್ಲಿ, ಮುಂಡೆ ಅನ್ನಿಸಿಕೊಂಡು ಕಾಲ ಹಾಕಿದ್ದಳು.

ನಡೆದದ್ದನ್ನೆಲ್ಲ ಅವನ ಬಾಯಿಂದ ಕೇಳಿದ ಮೇಲೆ ಅಂದಳು: "ನನ್ನೆಸ್ರು ಏಳಕ್ಕೂ ಆಗ್ಲಿಲ್ವಾ ನಿಮ್ಗೆ?"

ಮತ್ತೆಂದೂ ಆ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದೇ ಅವನನ್ನು ಇಷ್ಟು ವರ್ಷ ತಿಂದಿತು.

ಮೊನ್ನೆ ಡಿಸೆಂಬರಿನಲ್ಲಿ ಮಂಡ್ಯದ ಕಾಲೇಜೊಂದರಲ್ಲಿ ಅವನಿಗೆ ಸನ್ಮಾನ. ಈ ಸಲ ಮೈಕಿನಲ್ಲೇ ಅವಳ ಹೆಸರು ಹೇಳಿ ಎದೆಯ ಭಾರ ಇಳಿಸಿಕೊಳ್ಳಬೇಕೆಂದು ಹೊರಟಿದ್ದ. ಮಲ್ಲಿಗಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು.

"ತಾತ, ಅಲ್ಲಿ ನಿಮ್ಮನ್ನ ಉಳಿಸಿದ್ದು ಏನು?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ಜವರಯ್ಯ ಮೈಕು ಹಿಡಿದ. ಮಲ್ಲಿಗಮ್ಮ ತಲೆ ಎತ್ತಿದಳು. ಹೆಸರು ನಾಲಿಗೆಯ ತುದಿಗೆ ಬಂತು. ಹುಡುಗ ಹುಡುಗಿಯರು ಎಲ್ಲಿ ನಕ್ಕಾರೋ ಅನ್ನಿಸಿತು.

"ದೇವ್ರು ಕಣವ್ವಾ," ಎಂದ.

ಚಪ್ಪಾಳೆಯೋ ಚಪ್ಪಾಳೆ. ಮಲ್ಲಿಗಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಅವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊದಿಸಿದ ಶಾಲು ಮೈ ಸುಡುತ್ತಿತ್ತು.

ವಾಪಸು ಬರುವ ಬಸ್ಸು ತುಂಬಿತ್ತು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಯಾರಿಗೂ ಮುಖ ತೋರಿಸಲಾರದೆ ಕಿಟಕಿಗೆ ತಿರುಗಿ ಕೂತವನಿಗೆ ಊರು ಬಂದದ್ದೂ ತಿಳಿಯಲಿಲ್ಲ. ಕಂಡಕ್ಟರ್ ಇನ್ನೇನು ರೈಟ್ ಅನ್ನಬೇಕು, ಅಷ್ಟರಲ್ಲಿ ಮಲ್ಲಿಗಮ್ಮ ಎದ್ದು ಹಿಂದಕ್ಕೆ ತಿರುಗಿ, ಬಸ್ಸಿಗೆ ಬಸ್ಸೇ ಕೇಳುವಂತೆ ಕೂಗಿದಳು:

"ಜವರಯ್ಯಾ! ಇಳೀರಿ, ಕೊತ್ತತ್ತಿ ಬಂತು."

ಊರಿನವರು ಕಣ್ಣು ಕಣ್ಣು ಬಿಟ್ಟರು. ಮದುವೆಯಾದಂದಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಅವಳ ನಾಲಿಗೆಯೇನೂ ಬಿದ್ದುಹೋಗಲಿಲ್ಲ.

"ಬಂದೆ," ಎಂದ ಜವರಯ್ಯ. ಅಷ್ಟೇ ಅಂದ.