ಕೂತು ಮೀನು ಹಿಡಿಯುವವರ ಪುಸ್ತಕ

ನಾನು ಮೀನು ತಿನ್ನುವ ಮನೆಯವನಲ್ಲ. ಈಜು ಬರುವುದಿಲ್ಲ. ಹೊಂಡದ ಮೆಟ್ಟಿಲ ಮೇಲೆ ನಿಂತು ಕೆಳಗೆ ಇಣುಕಬೇಕಾದರೂ ಗೋಡೆ ಹಿಡಿದುಕೊಳ್ಳುವ ಗಂಡಸು. ಇಂಥ ನಾನು ಒಂದೆರಡು ವರ್ಷ ಕಂಡ ಕಂಡವರನ್ನು ನಿಲ್ಲಿಸಿ ಒಂದೇ ಪುಸ್ತಕ ಕೇಳುತ್ತಿದ್ದೆ: ಒಬ್ಬನೇ ಕೂರುವ, ಸೌತೆಕಾಯಿಯ ಹಾಗೆ ಉದ್ದಕ್ಕಿರುವ ಸಣ್ಣ ದೋಣಿಯಲ್ಲಿ ಕೂತು ಗಾಳ ಹಾಕಿ ಮೀನು ಹಿಡಿಯುವುದು ಹೇಗೆ? ನನ್ನ ತಲೆ ನೆಟ್ಟಗಿದೆಯೇ ಎಂದು ಊರವರಿಗೆ ಮೊದಲ ಸಲ ಅನುಮಾನ ಬಂದದ್ದು ಆಗಲೇ. ಅದರ ಮೇಲೆ ನನ್ನ ನೌಕರಿ ರೋಣದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನದು. ಪುಸ್ತಕ ಹುಡುಕಿಕೊಟ್ಟು ಹೊಟ್ಟೆ ಹೊರೆಯುವವನೇ ಒಂದು ಪುಸ್ತಕಕ್ಕಾಗಿ ಅಲೆಯುವುದೆಂದರೆ, ಚಹಾದಂಗಡಿ ಇಟ್ಟವನು ಚಹಾ ಕುಡಿಯಲು ಪಕ್ಕದ ಊರಿಗೆ ಹೋದಂತೆ.

ಈ ಹುಚ್ಚು ನನಗೆ ಅಂಟಿಸಿದವನು ದಸ್ತಗೀರ. ಗಜೇಂದ್ರಗಡದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವನ ಹೊಲಿಗೆ ಅಂಗಡಿ. ಕನ್ನಡ ಸಾಲೆಯಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತವರು. ಮದುವೆಯಾದ ಹೊಸದರಲ್ಲಿ ಅವನು ಹತ್ತಿ ತುಂಬಿದ ಲಾರಿಯ ಮೇಲಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬಹಳ ದಿನ ಹಾಸಿಗೆಯಲ್ಲಿದ್ದು ಎದ್ದವನು, ಎದ್ದವನು ಎಂದರೆ ಎದ್ದು ಕೂತವನು, ಕೈಯಿಂದ ತಿರುಗಿಸುವ ಮಷಿನ್ನು ತರಿಸಿಕೊಂಡು ಹೊಲಿಗೆ ಕಲಿತ. ಯಾರಾದರೂ "ಅಯ್ಯೋ ಪಾಪ" ಎಂದರೆ, "ಪಾಪ ಯಾಕ್ರಿ, ಒಮ್ಮಿ ತಂದ ಚಪ್ಪಲಿ ಇನ್ನೂ ಹೊಸಾವ ಅದಾವು" ಎಂದು ನಗುತ್ತಿದ್ದ. ಅಂದವರು ನಗಬೇಕೋ ಬೇಡವೋ ತಿಳಿಯದೆ ಹೋಗಿಬಿಡುತ್ತಿದ್ದರು.

ಒಂದು ಸಂಜೆ ನಾನು ರೋಣದ ಬಸ್ಸಿನಿಂದ ಇಳಿದು ಮನೆಗೆ ಹೊರಟಿದ್ದಾಗ ಅಂಗಡಿಯೊಳಗಿಂದ ಕೂಗಿದ. "ಏ ದೋಸ್ತ, ಇಲ್ಲಿ ಬಾ. ಇದನ್ನ ಓದು."

ಅಂಗಿಯ ಗುಂಡಿಗಳನ್ನು ಕಟ್ಟಿಕೊಂಡು ಬಂದಿದ್ದ ಒಂದು ಬಣ್ಣದ ಹಾಳೆ ಅದು. ಯಾವುದೋ ಪರದೇಶದ ಇಂಗ್ಲಿಷ್ ಪತ್ರಿಕೆಯದು. ಹಸಿರು ನೀರು, ಮೇಲೆ ಮಂಜು, ಮಂಜಿನ ನಡುವೆ ಹಳದಿ ಬಣ್ಣದ ಕಿರಿದಾದ ದೋಣಿ. ಅದರಲ್ಲಿ ಟೊಪ್ಪಿಗೆ ಹಾಕಿದ ಒಬ್ಬನೇ ಒಬ್ಬ ಕಾಲು ಚಾಚಿ ಕೂತು ಗಾಳ ಹಿಡಿದಿದ್ದ. ಕೆಳಗಿನ ಬರಹವನ್ನು ಓದಿ ಕನ್ನಡದಲ್ಲಿ ಹೇಳಿದೆ: ಈ ದೋಣಿಯಲ್ಲಿ ಎದ್ದು ನಿಲ್ಲುವ ಅಗತ್ಯವೇ ಇಲ್ಲ, ಇಡೀ ದಿನ ಕಾಲು ಚಾಚಿ ಕೂತುಕೊಂಡೇ...

"ಕುಂತಕೊಂಡ? ಮುಂದ?"

"ಮುಂದ ಹರದೈತಿ."

"ಹರದದ್ದು ನನಗೂ ಕಾಣ್ತೈತಿ. ಮುಂದ ಏನಿತ್ತು ಅನ್ನೂದು ಬೇಕು. ನೀ ಲೈಬ್ರರಿಯಾಂವ ಅಲ್ಲೇನು? ತಂದ ಕೊಡು."

"ಎಂಟು ದಿನದಾಗ ತರ್ತೀನಿ" ಎಂದುಬಿಟ್ಟೆ.

ದಸ್ತಗೀರನ ತಾಯಿಯ ತವರು ಹೊಳೆಆಲೂರು. ಮಲಪ್ರಭೆಯ ದಂಡೆ. ಚಿಕ್ಕಂದಿನಲ್ಲಿ ಸಾಲೆಗೆ ಸೂಟಿ ಬಿಟ್ಟರೆ ಸಾಕು, ಅಲ್ಲಿ ತಾತನ ಜೊತೆ ನಸುಕಿನಲ್ಲೇ ಹೊಳೆಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದನಂತೆ. ಲಾರಿಯಿಂದ ಬಿದ್ದ ಮೇಲೆ ಹೊಳೆಯ ಮುಖ ಕಂಡಿರಲಿಲ್ಲ. ಸಂಬಂಧಿಕರ ಮದುವೆಗೆ ಹೊಳೆಆಲೂರಿಗೆ ಹೋದರೂ ಅಂಗಳದಲ್ಲಿ ಖುರ್ಚಿ ಹಾಕಿ ಕೂರಿಸುತ್ತಿದ್ದರೇ ಹೊರತು ದಂಡೆಗೆ ಕರೆದೊಯ್ಯುತ್ತಿರಲಿಲ್ಲ. ನಾನು ಬುದ್ಧಿವಂತನಂತೆ, "ಹೊಳಿ ನೋಡಬೇಕಂದ್ರ ಹರಗೋಲ ಐತೆಲ್ಲೊ, ಅದರಾಗ ಕುಂಡರಿಸಿ ತಿರುಗಸ್ತಾರ" ಎಂದೆ.

ಅವನು ಮಷಿನ್ನು ನಿಲ್ಲಿಸಿದ. "ಹರಗೋಲದಾಗ ಕುಂತ್ರ ನಾ ಜ್ವಾಳದ ಚೀಲ ಇದ್ದಂಗ. ಯಾರರ ದಾಟಸಬೇಕು. ಈ ಚಿತ್ರದಾಗ ನೋಡು, ಕುಂತಾಂವನ ನಡಸಾಂವ."

ಅದಾದ ಮೇಲೆ ನಾನು ಆ ವಿಷಯದಲ್ಲಿ ಬುದ್ಧಿ ಹೇಳಲು ಹೋಗಲಿಲ್ಲ.

ಮರುದಿನ ಕಾಲೇಜಿನ ಕಪಾಟುಗಳನ್ನೆಲ್ಲ ತಡಕಿದೆ. ಮೀನಿನ ಮೇಲೆ ಒಂದು ಪುಸ್ತಿಕೆ ಸಿಕ್ಕಿತು. ಕೃಷಿ ಹೊಂಡದಲ್ಲಿ ಮರಿ ಬಿಟ್ಟು ಬೆಳೆಸುವುದರ ಬಗ್ಗೆ. ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ದೋಣಿಯ ಹೆಸರು ಸಿಕ್ಕಿತು: ಕಾಯಕ್. ಹಿಮದ ನಾಡಿನವರ ಚರ್ಮದ ದೋಣಿ ಎಂದು ಒಂದು ಸಾಲು, ಅಷ್ಟೇ. ಅದೇ ಹೆಸರು ಹಿಡಿದುಕೊಂಡು ರಜೆಯ ದಿನ ಗದಗಕ್ಕೆ ಹೋದೆ. ಪುಸ್ತಕದಂಗಡಿಯ ಗಲ್ಲೆಯ ಮೇಲೆ ವಿಭೂತಿ ಧರಿಸಿದ ಹಿರಿಯರೊಬ್ಬರು ಕೂತಿದ್ದರು. "ಕಾಯಕ್ ಬಗ್ಗೆ ಪುಸ್ತಕ ಅದಾವೇನ್ರಿ?" ಎಂದೆ.

ಅವರ ಮುಖ ಅರಳಿತು. "ಕಾಯಕದ ಬಗ್ಗೆ? ಈಗಿನವರು ಯಾರು ಕೇಳ್ತಾರ್ರಿ ಇದನ್ನ! ಬರ್ರಿ, ಒಳಗ ಬರ್ರಿ."

ಒಳಗೆ ಗೋಡೆಯ ಉದ್ದಕ್ಕೂ ಶರಣರ ಕಾಯಕದ ಮೇಲೆ ಪುಸ್ತಕಗಳು. ನಾನು ತಡವರಿಸಿದೆ. "ಅದಲ್ಲರೀ... ದೋಣೀದು ಬೇಕಾಗಿತ್ತು."

"ದೋಣಿ ನಡಸೂ ಕಾಯಕದ ಶರಣರೂ ಅದಾರಲ್ಲರಿ!" ಎಂದು ಇನ್ನೊಂದು ದಪ್ಪನೆಯದನ್ನು ತೆಗೆದು ಕೈಗಿಟ್ಟರು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವ ಎದೆಗಾರಿಕೆ ನನಗಿಲ್ಲ. ಕೊಂಡುಕೊಂಡು ಬಂದೆ. ದಸ್ತಗೀರ ಅದನ್ನು ತಿರುವಿ ನೋಡಿ, "ದೋಣಿ ತಾ ಅಂದ್ರ ಭಕ್ತಿ ತಂದ್ಯಲ್ಲೊ" ಎಂದ. ಆದರೆ ಹಿಂದಿರುಗಿಸಲಿಲ್ಲ, ತನ್ನಲ್ಲೇ ಇಟ್ಟುಕೊಂಡ.

ಆ ದಿನ ಗದಗದಿಂದ ಮರಳುವಾಗ ಅಬ್ಬಿಗೇರಿ ದಾಟಿದ ಮೇಲೆ ಬಸ್ಸಿನ ಎರಡೂ ಬದಿಗೆ ಎರೆಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಕೈ ತೂರುವಷ್ಟು ಬಿರುಕು. ದೂರದಲ್ಲಿ ಬಿಸಿಲು ನೀರಿನಂತೆ ಹೊಳೆಯುತ್ತಿತ್ತು. ಆ ಸುಳ್ಳು ನೀರಿನ ಮೇಲೆ ಒಂದು ಹಳದಿ ದೋಣಿಯನ್ನು ಇಟ್ಟು ನೋಡಿದೆ. ಚೆನ್ನಾಗಿ ಕಂಡಿತು. ಸಮುದ್ರದ ಮಗ್ಗುಲಲ್ಲಿ ಮಲಗುವವರಿಗೆ ಸಮುದ್ರದ ಪುಸ್ತಕ ಬೇಕೋ ಇಲ್ಲವೋ ನನಗೆ ತಿಳಿಯದು. ನನ್ನ ಲೈಬ್ರರಿಯಲ್ಲಂತೂ ಹಡಗಿನ ಕಥೆಗಳ ರಟ್ಟು ಕಿತ್ತುಹೋಗಿತ್ತು, ಬೇಸಾಯದ ಪುಸ್ತಕಗಳ ಹಾಳೆ ಬಿಚ್ಚಿರಲಿಲ್ಲ. ಯಾವುದು ಇಲ್ಲವೋ ಅದನ್ನು ಓದುತ್ತೇವೆ. ಮನೆಯಲ್ಲಿ ಈ ತತ್ವವನ್ನು ಹೆಂಡತಿಗೆ ಹೇಳಿದೆ. "ಕುಡಿಯಾಕ ನೀರು ಎಂಟು ದಿನಕ್ಕೊಮ್ಮಿ ಬರ್ತಾವು. ಕೊಡ ತುಂಬಸ್ರಿ ಮೊದಲ" ಎಂದಳು.

ನರಗುಂದದಲ್ಲಿ ನಿವೃತ್ತ ಎಂಜಿನಿಯರರೊಬ್ಬರ ಮನೆಯಲ್ಲಿ ಇಂಗ್ಲಿಷ್ ಪುಸ್ತಕಗಳ ರಾಶಿಯೇ ಇದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಲ್ಲಿಗೂ ಹೋದೆ. ಕಾಲುವೆ ಕೆಲಸದಲ್ಲಿ ಆಯುಷ್ಯ ಕಳೆದ ಸಜ್ಜನರು. ಅವಲಕ್ಕಿ, ಚಹಾ ಕೊಟ್ಟು ಎಲ್ಲ ಕಪಾಟು ತೆರೆದು ತೋರಿಸಿದರು. ಕಟ್ಟೆ, ಒಡ್ಡು, ತೂಬು, ಬಾಗಿಲು. ನೀರನ್ನು ತಡೆಯುವ ಪುಸ್ತಕಗಳೇ ಎಲ್ಲ. ನೀರಿನ ಮೇಲೆ ಹೋಗುವ ಪುಸ್ತಕ ಒಂದೂ ಇರಲಿಲ್ಲ. ಇದನ್ನು ಅವರಿಗೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಖರೇ ನೋಡ್ರಿ. ಅಷ್ಟು ವರ್ಷ ನೀರಿನ ಜೋಡಿ ಇದ್ದೆ, ಒಂದ ದಿನಾನೂ ನೀರಾಗ ಇಳೀಲಿಲ್ಲ" ಎಂದರು. ಬಾಗಿಲ ತನಕ ಬಂದು, "ಪುಸ್ತಕ ಸಿಕ್ಕರ ನನಗೂ ತೋರಸ್ರಿ" ಎಂದರು. ಹಾಗೆ ಹುಚ್ಚು ಹಿಡಿದವರ ಸಂಖ್ಯೆ ಮೂರಕ್ಕೇರಿತು.

ಅಷ್ಟರಲ್ಲಿ ಗಜೇಂದ್ರಗಡಕ್ಕೆ ಇಂಟರ್‌ನೆಟ್ಟು ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಪ್ಲೈವುಡ್ಡಿನ ಗೂಡುಗಳು, ಗೂಡಿಗೊಂದು ಕಂಪ್ಯೂಟರು. ಹೆಸರು ಬಡಿದು ಕೂತರೆ ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ಟೊಪ್ಪಿಗೆ, ಮುಖ, ಎದೆ. ದೋಣಿ ಬರಬೇಕು ಎನ್ನುವಾಗ ಕರೆಂಟು ಹೋಗುತ್ತಿತ್ತು. ಎಷ್ಟೋ ಸಂಜೆ ನಾನು ಅರ್ಧ ಮನುಷ್ಯನನ್ನು ನೋಡಿ ಮನೆಗೆ ಹೋಗಿದ್ದೇನೆ. ಆದರೂ ತಿಂಗಳುಗಟ್ಟಲೆ ಕೂತು ಕೆಲವು ಬರಹಗಳನ್ನು ಹಾಳೆಗೆ ಇಳಿಸಿದೆ. ಮಹಾ ಗ್ರಂಥಗಳೇನಲ್ಲ. ಎಲ್ಲೋ ದೂರದ ನಾಡಿನ ಮೀನು ಹಿಡಿಯುವವರು ತಮ್ಮ ತಮ್ಮಲ್ಲೇ ಬರೆದುಕೊಂಡದ್ದು. ಗಾಳಿ ಎತ್ತಣಿಂದ ಬಂದರೆ ಎತ್ತ ಮುಖ ಮಾಡಬೇಕು, ಮೀನು ಜಗ್ಗಿದರೆ ಮೈ ಯಾವ ಕಡೆ ವಾಲಬೇಕು, ಇಂಥವು.

ರವಿವಾರಗಳಂದು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಓದು ಶುರುವಾಗುತ್ತಿತ್ತು. ನಾನು ಓದಿ ಕನ್ನಡ ಮಾಡುವುದು, ದಸ್ತಗೀರ ಕಣ್ಣು ಮುಚ್ಚಿ ಕೇಳುವುದು. ಅವನ ಹೆಂಡತಿ ರಾಜಬಿ ಒಳಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತ ಕೇಳಿಸಿಕೊಳ್ಳದವಳಂತೆ ಕೇಳುತ್ತಿದ್ದಳು. ದೋಣಿ ಮಗುಚಿದರೆ ಏನು ಮಾಡಬೇಕು ಎಂಬ ಹಾಳೆ ಬಂದಾಗ ನನಗೆ ಸ್ವಂತ ಭಯವೇ ಬಾಯಿಗೆ ಬಂದು, ಓದು ಬೆಳೆಯುತ್ತ ಹೋಯಿತು. ಸುಳಿ, ಕೆಸರು, ಮೊಸಳೆ ಎಲ್ಲ ಸೇರಿಕೊಂಡವು. ದಸ್ತಗೀರ ಕಣ್ಣು ತೆರೆದ.

"ಹಾಳಿ ಒಂದ ಐತಿ. ನೀ ಓದಾಕ ಹತ್ತಿ ಅರ್ಧ ತಾಸಾತು. ಅದರಾಗ ಇಲ್ಲದ್ದನ್ನೂ ಓದಾಕತ್ತೀಯೇನು?"

ಒಳಬಾಗಿಲಿಂದ ರಾಜಬಿ, "ಇರವಲ್ದ್ಯಾಕ, ಅದನ್ನ ಇನ್ನೊಮ್ಮಿ ಓದ್ರಿ ಅಣ್ಣಾರ. ಅವರ ಕಿವಿಗೆ ಬೀಳ್ಲಿ" ಎಂದಳು. ಆಮೇಲೆ ಮೊರ ಕೆಳಗಿಟ್ಟು ಮೆಲ್ಲಗೆ, "ಒಮ್ಮಿ ದವಾಖಾನಿಯಿಂದ ಹೊತಗೊಂಡು ಬಂದೀನಿ. ಇನ್ನೊಮ್ಮಿ ಹೊಳಿಯಿಂದ ಹೊತಗೊಂಡು ಬರೂದು ನನ್ನ ಕೈಲೆ ಆಗಂಗಿಲ್ಲ" ಎಂದಳು. ಆ ರವಿವಾರ ಓದು ಅಲ್ಲಿಗೇ ನಿಂತಿತು. ಮುಂದೆ ಹಲವು ರವಿವಾರ ನಾನೇ ಅತ್ತ ಹೋಗಲಿಲ್ಲ. ಪುಸ್ತಕದಿಂದ ಕೇಡಾಗುವುದಿಲ್ಲ ಎಂದು ನಂಬಿಕೊಂಡು ಬಂದವನಿಗೆ ಆ ಹಾಳೆಗಳ ಕಟ್ಟು ನೋಡಿದರೆ ಹೆದರಿಕೆಯಾಗುತ್ತಿತ್ತು.

ಮತ್ತೆ ಕರೆಸಿದವಳು ರಾಜಬಿಯೇ. "ಊಟ ಮಾಡ್ತಾರ, ಮಷಿನ್ ತಿರುವ್ತಾರ, ಮಾತಾಡವಲ್ರು. ಓದ್ರಿ ಅಣ್ಣಾರ, ಓದೂದರಾಗ ಏನೈತಿ" ಎಂದಳು. ಆ ದಿನ ಓದಿದ್ದು ಹಿಮದ ನಾಡಿನವರ ಹಳೆಯ ದೋಣಿಗಳ ವಿಷಯ. ಅಲ್ಲಿ ದೋಣಿ ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಯಾರು ಕೂರುತ್ತಾನೋ ಅವನ ತೋಳು, ಸೊಂಟ ಅಳೆದು ಚೌಕಟ್ಟು ಕಟ್ಟುತ್ತಿದ್ದರು. ಅದರ ಮೇಲೆ ಚರ್ಮ ಹೊದಿಸಿ, ಹನಿ ನೀರು ಒಳಗೆ ಬಾರದಂತೆ ಹೊಲಿಯುತ್ತಿದ್ದವರು ಮನೆಯ ಹೆಂಗಸರು.

"ಹೊಲೀತಿದ್ರು?" ದಸ್ತಗೀರ ನೆಟ್ಟಗಾದ. "ದೋಣೀನ?"

"ಹೆಂಗಸೂರು?" ಎಂದಳು ರಾಜಬಿ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾನು ಆ ಜಾಗದಲ್ಲಿ ಇರಬಾರದಿತ್ತು ಅನ್ನಿಸುವಷ್ಟು ಹೊತ್ತು ನೋಡಿಕೊಂಡರು. ಆಮೇಲೆ ರಾಜಬಿ ಹೇಳಿದಳು: "ಹಂಗಾರ ನಾನ ಹೊಲೀತೀನಿ. ಮತ್ತೊಬ್ಬರ ಹೊಲಿಗಿ ನಂಬಿ ನಿಮ್ಮನ್ನ ನೀರಿಗೆ ಬಿಡಂಗಿಲ್ಲ."

ಹಾಗೆ ಗಜೇಂದ್ರಗಡದ ಒಂದು ಹಿತ್ತಲಲ್ಲಿ ದೋಣಿ ಹುಟ್ಟತೊಡಗಿತು. ಮೇದಾರರಿಂದ ಬಿದಿರಿನ ಚೌಕಟ್ಟು. ಅಳತೆ ದಸ್ತಗೀರನದೇ, ಟೇಪು ಹಿಡಿದದ್ದೂ ಅವನೇ. ಮೇಲೆ ತಾಡಪತ್ರಿ. ರಾಜಬಿ ಅದನ್ನು ಎರಡು ಮಡಿಕೆ ಮಾಡಿ, ಮೇಣ ಸವರಿದ ದಾರದಿಂದ, ಚೀಲ ಹೊಲಿಯುವ ದಬ್ಬಣ ಹಿಡಿದು ಹೊಲಿದಳು. ಹೊಲಿಗೆಯ ಮೇಲೆ ಡಾಂಬರು. ಮಗುಚಿದರೆ ಕಾಲು ಸಿಕ್ಕಿಕೊಳ್ಳದಂತೆ ಬಾಯಿ ಅಗಲವಿರಬೇಕು ಎಂದು ಹಾಳೆಯಲ್ಲಿತ್ತು, ಅಗಲ ಬಿಟ್ಟರು. ನನ್ನ ಪಾಲಿಗೆ ಬಂದ ಕೆಲಸ, ಓದಿದ್ದನ್ನೇ ಮತ್ತೆ ಓದುವುದು. ನೋಡಲು ಬಂದವರು ಇದೇನು ಎಂದರೆ ದಸ್ತಗೀರ, "ಪ್ಯಾಂಟು. ಒಂದ ಕಾಲಿಂದು" ಎನ್ನುತ್ತಿದ್ದ.

ಮಳೆಗಾಲ ಮುಗಿದು ಹೊಳೆ ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ಟಂಟಂ ಗಾಡಿಯ ಮೇಲೆ ದೋಣಿ ಕಟ್ಟಿಕೊಂಡು ಹೊಳೆಆಲೂರಿಗೆ ಹೋದೆವು. ಅವನ ಸೋದರಮಾವನ ಮಗ ಹುಸೇನಿ, ಮೀನಿನಂತೆ ಈಜುವವನು, ಮೊದಲೇ ನೀರಿಗಿಳಿದು ನಿಂತಿದ್ದ. ದಸ್ತಗೀರನ ಎದೆಗೆ ಗಾಳಿ ತುಂಬಿದ ಟ್ಯೂಬು ಕಟ್ಟಿ, ನಾವಿಬ್ಬರೂ ಎತ್ತಿ ದೋಣಿಯಲ್ಲಿ ಕೂರಿಸಿದೆವು. ದೋಣಿ ಅತ್ತ ವಾಲಿತು, ಇತ್ತ ವಾಲಿತು, ನಿಂತಿತು. ಒಳಗೆ ನೀರು ಬರಲಿಲ್ಲ. ದೋಣಿಗೆ ಕಟ್ಟಿದ ಹಗ್ಗದ ತುದಿ ನನ್ನ ಕೈಯಲ್ಲಿತ್ತು. ಅವನು ಎರಡು ತುದಿಯ ಹುಟ್ಟಿನಿಂದ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೀರು ತಳ್ಳಿದ. ಹಗ್ಗ ಬಿಗಿಯಾಯಿತು.

"ಬಿಡು ದೋಸ್ತ."

ನಾನು ಬಿಡಲಿಲ್ಲ. ಕೈ ಬಿಡಲೊಲ್ಲದು. ಪಕ್ಕದಲ್ಲಿ ರಾಜಬಿ ಸೆರಗನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದಳು. ಅವಳು ನನ್ನ ಕಡೆ ನೋಡಲಿಲ್ಲ. ಹೊಳೆಯನ್ನೇ ನೋಡುತ್ತ, "ಬಿಡ್ರಿ ಅಣ್ಣಾರ" ಎಂದಳು.

ಬಿಟ್ಟೆ. ಹಗ್ಗ ಹಾವಿನಂತೆ ನೀರಿಗಿಳಿಯಿತು. ದಸ್ತಗೀರ ನಡುಹೊಳೆಯ ಕಡೆ ಹೋದ. ಹುಸೇನಿ ಹಿಂದೆಯೇ ಈಜಿ ಹೋದವನು, ಸ್ವಲ್ಪ ಹೊತ್ತಿನ ಮೇಲೆ ತನ್ನಿಂದ ಕೆಲಸವಿಲ್ಲ ಎಂದು ತಿಳಿದು ಒಂದು ಬಂಡೆಯ ಮೇಲೆ ಹತ್ತಿ ಕೂತ. ದಸ್ತಗೀರ ಹುಟ್ಟು ಅಡ್ಡಕ್ಕಿಟ್ಟು ಗಾಳ ಹಾಕಿದ. ನೀರಿನ ಮೇಲೆ ಸೊಂಟದ ಮೇಲಿನ ದಸ್ತಗೀರ ಮಾತ್ರ ಕಾಣುತ್ತಿದ್ದ. ಅಂಥ ದೋಣಿಯಲ್ಲಿ ಕೂತರೆ ಯಾರಾದರೂ ಅಷ್ಟೇ ಕಾಣುವುದು. ಮೀನು ಸಿಗಲಿಲ್ಲ. ಸಿಗಲಿ ಎಂದು ಅವನು ಅವಸರ ಮಾಡಿದಂತೆಯೂ ಕಾಣಲಿಲ್ಲ.

ಆಗ ಸೇತುವೆಯ ಮೇಲೆ ರೈಲು ಬಂತು. ಪ್ಯಾಸೆಂಜರ್ ಗಾಡಿ, ನಿಧಾನದ್ದು. ಕಿಟಕಿ ಕಿಟಕಿಯಲ್ಲಿ ಮುಖಗಳು. ಯಾರೋ ಮಗುವನ್ನು ಎತ್ತಿ ಹಿಡಿದು ಕೆಳಗೆ ತೋರಿಸಿದರು. ಬಾಗಿಲಲ್ಲಿ ನಿಂತವನೊಬ್ಬ ಕೈ ಬೀಸಿದ. ದಸ್ತಗೀರ ಟೊಪ್ಪಿಗೆ ಇಲ್ಲದ ತಲೆಯನ್ನೆತ್ತಿ ನೋಡಿ, ಕೆಲಸದಲ್ಲಿರುವವರು ಬೀಸುವಂತೆ ಒಂದೇ ಒಂದು ಸಲ ಕೈ ಬೀಸಿ, ಮತ್ತೆ ಗಾಳದ ಕಡೆ ತಿರುಗಿದ. ಆ ಗಾಡಿಯ ಜನಕ್ಕೆ ಅವನ ಕಾಲಿನ ವಿಷಯ ಗೊತ್ತಿಲ್ಲ, ಹತ್ತಿಯ ಲಾರಿ ಗೊತ್ತಿಲ್ಲ. ಅವರು ಕಂಡದ್ದು ನಸುಬಿಸಿಲಿನಲ್ಲಿ ನಡುಹೊಳೆಯಲ್ಲಿ ಒಬ್ಬನೇ ಆರಾಮಾಗಿ ಕೂತ ಒಬ್ಬ ಮನುಷ್ಯನನ್ನು. ಇದ್ದರೆ ಹೀಗಿರಬೇಕು ಎಂದುಕೊಂಡಿರಬೇಕು, ಎಂದುಕೊಳ್ಳುತ್ತಲೇ ತಮ್ಮ ತಮ್ಮ ಊರಿಗೆ ಸಾಗಿಹೋಗಿರಬೇಕು.

ರೈಲು ಹೋದ ಮೇಲೂ ನಾನು ಪ್ಯಾಂಟು ಮಡಚಿಕೊಂಡು ದಂಡೆಯ ಕೆಸರಿನಲ್ಲೇ ನಿಂತಿದ್ದೆ. ಎರಡು ಕಾಲೂ ಗಟ್ಟಿಯಾಗಿದ್ದವು. ಆದರೂ ಆ ಕಿಟಕಿಗಳಲ್ಲೊಂದರಿಂದ ನಾನೂ ಅವನನ್ನು ನೋಡುತ್ತ ದೂರ ಹೋಗುತ್ತಿದ್ದೇನೆ ಎಂದೇ ಅನ್ನಿಸಿತು.