ಬಲಗಡೆಯ ನೋವು

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಮುಂಬಯಿ ಹತ್ತಿರ, ಕಲ್ಯಾಣದ ಕಡೆಯ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ನಾನು. ಸತ್ತವರ ದೇಹದಲ್ಲಿ ಯಾರೂ ನಿರೀಕ್ಷಿಸದ ಗೆಡ್ಡೆಗಳು ಆಗಾಗ ಸಿಗುತ್ತವೆ. ಹೊತ್ತುಕೊಂಡು ತಿರುಗಿದವರಿಗೇ ಅದರ ಸುಳಿವಿರುವುದಿಲ್ಲ. ಅಳತೆ ಬರೆದು, ಒಂದು ಚೂರನ್ನು ಬಾಟಲಿಗೆ ಹಾಕಿ, ಮುಂದಿನ ಶವಕ್ಕೆ ಹೋಗುತ್ತಿದ್ದೆ. ಆಶ್ಚರ್ಯಪಡುವಷ್ಟು ತ್ರಾಣ ಉಳಿದಿರುತ್ತಿರಲಿಲ್ಲ.

೨೦೦೯ರ ಸುಮಾರಿನ ಒಂದು ಮಧ್ಯಾಹ್ನ. ಅಂದಿನ ಮೂರನೆಯ ಶವ ಡೊಂಬಿವಲಿಯ ನಲವತ್ತರ ಆಸುಪಾಸಿನ ಒಬ್ಬರದು. ಮಹಾಪೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದವರು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಸ್ಕೂಟರಿಗೆ ಟ್ರಕ್ ಬಡಿದಿತ್ತು. ಸಾವಿಗೆ ಕಾರಣ ತಲೆಯ ಪೆಟ್ಟು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಬಲ ಮೂತ್ರಪಿಂಡದಲ್ಲಿ ಮೋಸಂಬಿ ಗಾತ್ರದ ಗೆಡ್ಡೆಯಿತ್ತು.

ಕೈ ತೊಳೆದು ಹೊರಗೆ ಬಂದಾಗ ಅವರ ಹೆಂಡತಿ ಬೆಂಚಿನಿಂದ ಎದ್ದರು. ಉಡುಪಿ ಕಡೆಯವರು. ನನಗೆ ಕನ್ನಡ ಬರುತ್ತದೆಂದು ಪೇದೆ ಹೇಳಿದ್ದನಂತೆ.

“ಅವರಿಗೆ ತುಂಬ ನೋವಾಯ್ತಾ ಡಾಕ್ಟ್ರೇ?”

“ಇಲ್ಲಮ್ಮ. ಕೂಡ್ಲೇ ಜೀವ ಹೋಗಿದೆ.”

ಆಕೆ ತಮ್ಮ ಬಲಗಡೆ ಬೆನ್ನಿಗೆ, ಸೊಂಟದಿಂದ ತುಸು ಮೇಲೆ ಕೈಯಿಟ್ಟುಕೊಂಡರು. “ನನಗೆ ಎಂಟು ತಿಂಗಳಿಂದ ಇಲ್ಲಿ ನೋವಿತ್ತು. ಸೋನೋಗ್ರಫಿ, ಸ್ಕ್ಯಾನ್ ಎಲ್ಲ ಮಾಡ್ಸಿದ್ರು. ಎಂತ ಸಹ ಸಿಗ್ಲಿಲ್ಲ. ಸುಳ್ಳು ನೋವು ಅಂತ ಅತ್ತೆ ಬೈತಿದ್ರು. ಇವತ್ತು ಬೆಳಿಗ್ಗೆ ಪಾತ್ರೆ ತೊಳೀತಿರುವಾಗ ಒಮ್ಮೆಲೇ ನಿಂತುಹೋಯ್ತು. ಇವರಿಗೆ ಹೇಳುವಾ ಅಂತ ಫೋನ್ ಮಾಡಿದೆ. ಪೊಲೀಸ್‌ನವರು ಎತ್ತಿದ್ರು.”

ಗೆಡ್ಡೆಯ ವಿಷಯ ನನ್ನನ್ನೂ ನನ್ನ ಸಹಾಯಕನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನಿನ್ನೂ ಒಳಗೇ ಇದ್ದ. ಮುಚ್ಚಿಡೋಣವೆನಿಸಿತು. ಆದರೆ ವರದಿ ಹೇಗೂ ಆಕೆಯ ಕೈಸೇರುತ್ತದೆ. ಹೇಳಿಬಿಟ್ಟೆ.

ಆಕೆ ಅಳಲಿಲ್ಲ. “ಪ್ರತಿ ಸಲ ಸ್ಕ್ಯಾನ್ ರೂಮಿನ ಹೊರಗೆ ಇವರೇ ಕೂತಿರ್ತಿದ್ರು ಡಾಕ್ಟ್ರೇ, ನನ್ನ ಚೀಲ ಹಿಡ್ಕೊಂಡು,” ಎಂದರು.

ಬೆನ್ನುನೋವು ಯಾರಿಗೆ ಬರುವುದಿಲ್ಲ, ಕಾಕತಾಳೀಯ ಎಂದು ಸಹೋದ್ಯೋಗಿಗಳು ಹೇಳಿದರು. ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೇನೆ. ಇರಬಹುದು. ಆದರೆ ಇಷ್ಟು ವರ್ಷಗಳಾದರೂ ಆ ಮಾತು ನನಗೇ ಒಪ್ಪಿಗೆಯಾಗಿಲ್ಲ. ಬೇರೆ ವಿವರಣೆಯೂ ಸಿಕ್ಕಿಲ್ಲ.

ಎರಡು ತಿಂಗಳ ನಂತರ ಆಕೆ ವರದಿ ಒಯ್ಯಲು ಬಂದಿದ್ದರು. ತಡೆಯಲಾಗದೆ ಕೇಳಿದೆ, “ಆ ನೋವು ಮತ್ತೆ ಬಂತಾ ಅಮ್ಮ?”

“ಇಲ್ಲ,” ಎಂದರು. ಬಾಗಿಲವರೆಗೆ ಹೋಗಿ ನಿಂತು, ನನ್ನತ್ತ ತಿರುಗದೆಯೇ ಅಂದರು: “ಬಂದಿದ್ರೆ ಒಳ್ಳೇದಿತ್ತು.”