ಖಾಲಿ ಡಬ್ಬಿ ಕೊಡಬಾರದು

ಇಪ್ಪತ್ತಮೂರು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು ನಾನು. ಮಲಕ್ಕಾ ಜಲಸಂಧಿಯನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಹಾಗಾಗಿ 2016ರ ದಸರಾ ರಜೆಗೆ ಸಿಂಗಾಪುರಕ್ಕೆ ಹೊರಟಾಗ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಜೋರಾಗಿಯೇ ಜಂಬ ಕೊಚ್ಚಿಕೊಂಡೆ. ಒಬ್ಬಳೇ ಹೋಗುತ್ತೇನೆ, ಒಬ್ಬಳೇ ಸುತ್ತುತ್ತೇನೆ, ಅಲ್ಲಿನ ಸಿಂಹದ ತಲೆಯ ಮೀನಿನ ಪ್ರತಿಮೆಯ ಮುಂದೆ ನಿಂತು ಫೋಟೋ ತರುತ್ತೇನೆ.

ಗಣಿತದ ಅಚ್ಯುತ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, “ಮೇಡಂ, ನಂಜನಗೂಡಿಗೆ ಹೋಗೋಕೂ ನಿಮಗೆ ಜೊತೆಗೆ ಜನ ಬೇಕು” ಎಂದರು. ಅದು ನಿಜ. ಅಮ್ಮ ಇದ್ದಾಗ ಅಮ್ಮನ ಜೊತೆ ಹೋಗುತ್ತಿದ್ದೆ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು, ಆಮೇಲೆ ಎಲ್ಲಿಗೂ ಹೋಗಿರಲಿಲ್ಲ. ಒಬ್ಬಳೇ ಇರಲು ನನಗೆ ಬರುತ್ತದೆ ಎಂದು ಅಚ್ಯುತ ಮೇಷ್ಟ್ರಿಗಿಂತ ಹೆಚ್ಚಾಗಿ ನನಗೇ ತೋರಿಸಿಕೊಳ್ಳಬೇಕಿತ್ತು.

ಇಳಿದುಕೊಂಡದ್ದು ಕಾಲೇಜಿನ ಗೆಳತಿ ಸತ್ಯವತಿಯ ಮನೆಯಲ್ಲಿ, ಹೌಗಾಂಗ್ ಎಂಬ ಬಡಾವಣೆಯ ಫ್ಲ್ಯಾಟಿನ ಒಂಬತ್ತನೇ ಮಹಡಿ. ಅವಳು ಬೆಳಗ್ಗೆ ಬಸ್ ಹಿಡಿದು ಪಾಸಿರ್ ಪಂಜಾಂಗಿನ ಶಿಪ್ಪಿಂಗ್ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ನನ್ನ ಕೈಯಲ್ಲಿ ನಾಲ್ಕು ದಿನ, ಮತ್ತು ಶಾಲೆಯ ಟೈಮ್‌ಟೇಬಲ್ ಥರ ಗೆರೆ ಎಳೆದು ಬರೆದುಕೊಂಡ ಹಾಳೆ. ಮೊದಲನೇ ಪೀರಿಯಡ್ ಅಲ್ಲಿನ ಮೆಟ್ರೋ ರೈಲು ಎಂಆರ್‌ಟಿ, ಎರಡನೇ ಪೀರಿಯಡ್ ಮ್ಯೂಸಿಯಂ. ಸಿಂಹದ ಮೀನು ಊಟದ ನಂತರ.

ಮೊದಲ ದಿನ ಟೋಪಿ ಹಾಕಿಕೊಂಡು ಬಾಗಿಲು ತೆಗೆದರೆ ಎದುರಿಗೆ ಪಕ್ಕದ ಮನೆಯ ಲಿಮ್ ಆಂಟಿ. ಎಪ್ಪತ್ತರ ಹತ್ತಿರದ ಸಣ್ಣ ಜೀವ. ಮೂವತ್ತು ವರ್ಷ ಒಂದು ಶಾಲೆಯ ಕ್ಯಾಂಟೀನಿನಲ್ಲಿ ನೂಡಲ್ಸ್ ಮಾರಿದವರು ಎಂದು ಸತ್ಯವತಿ ಹೇಳಿದ್ದಳು. “ಈಟ್, ಈಟ್ ಲಾ. ವೆಜಿಟೇರಿಯನ್” ಎಂದು ಹಸಿರು ಮುಚ್ಚಳದ ಡಬ್ಬಿಯೊಂದನ್ನು ಕೈಗಿಟ್ಟು ಹೋದರು. ಒಳಗೆ ಗುಲಾಬಿ ಬಣ್ಣದ ಅಕ್ಕಿಹಿಟ್ಟಿನ ಕಡುಬು, ಹೂರಣಕ್ಕೆ ಕಡಲೆಕಾಯಿ. ನಾಲ್ಕು ಕಡುಬನ್ನೂ ನಿಂತಲ್ಲೇ ತಿಂದೆ.

ಡಬ್ಬಿ ತೊಳೆಯುವಾಗ ಅಮ್ಮನ ಮಾತು ನೆನಪಾಯಿತು. ಯಾರ ಮನೆಯ ಪಾತ್ರೆಯನ್ನೂ ಖಾಲಿ ಕೊಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಕೈಯಾರೆ ಮಾಡಿದ ಕಡುಬಿಗೆ ಬದಲಾಗಿ ಸಕ್ಕರೆ ಕೊಡಲು ಮನಸ್ಸು ಬರಲಿಲ್ಲ. ಚಿತ್ರಾನ್ನ ಕಲಸೋಣ, ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಸತ್ಯವತಿಯ ಅಡುಗೆಮನೆಯಲ್ಲಿ ಸಾಸಿವೆ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ನಿಂಬೆಹಣ್ಣಿಗೆಂದು ಕೆಳಗಿನ ಅಂಗಡಿಗೆ ಹೋದವಳು, ಬರುವಾಗ ನಮ್ಮ ಬ್ಲಾಕ್ ಯಾವುದೆಂದು ತಿಳಿಯದೆ ಎರಡು ಸುತ್ತು ಹಾಕಿದೆ. ಭೂಗೋಳದ ಮೇಡಂ! ಡಬ್ಬಿ ಆಂಟಿಯ ಮನೆ ಸೇರುವಷ್ಟರಲ್ಲಿ ಮೂರು ಗಂಟೆ ದಾಟಿತ್ತು.

ಎರಡನೇ ದಿನ ಲಿಫ್ಟಿನ ಹತ್ತಿರವೇ ಆಂಟಿ ಹಿಡಿದರು. ಅದೇ ಡಬ್ಬಿ, ಈ ಸಲ ಮೂಲಂಗಿ ಹಾಕಿ ಹಬೆಯಲ್ಲಿ ಬೇಯಿಸಿದ ಇಡ್ಲಿಯಂಥದ್ದು. ನಾನು ಕೇಸರಿಬಾತ್ ಮಾಡಿದೆ. ತಳ ಹಿಡಿಯಿತು. ಮತ್ತೆ ಮಾಡಿದೆ. ಮ್ಯೂಸಿಯಂ ಮುಚ್ಚಿತು.

ಮೂರನೇ ದಿನ ಬುದ್ಧಿ ಓಡಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಂಬತ್ತು ಮಹಡಿಯನ್ನೂ ಮೆಟ್ಟಿಲಲ್ಲೇ ಇಳಿದೆ. ಐವತ್ತು ದಾಟಿದ ಮಂಡಿಗಳು ದಾರಿಯುದ್ದಕ್ಕೂ ನನ್ನನ್ನು ಬೈದವು. ಕೆಳಗೆ, ವಾಯ್ಡ್ ಡೆಕ್ ಎಂದು ಕರೆಯುವ ನೆಲಮಹಡಿಯ ತೆರೆದ ಜಾಗದಲ್ಲಿ, ಕಲ್ಲುಬೆಂಚಿನ ಮೇಲೆ ಲಿಮ್ ಆಂಟಿ, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬಂತೆ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಾಪ, ಅವರ ಮುಖವೂ ಸುಸ್ತಾಗಿತ್ತು. ಸಿಟ್ಟಿನಲ್ಲಿ ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಡಬ್ಬಿ ತೆಗೆದುಕೊಂಡು ಮೇಲೆ ಹೋಗಿ ಪುಳಿಯೋಗರೆಗೆ ಹುಣಸೆಹಣ್ಣು ನೆನೆಹಾಕಿದೆ.

ಸಂಜೆ ಸತ್ಯವತಿ ನಗುತ್ತಲೇ ಒಳಗೆ ಬಂದಳು. “ಕೌಸಲ್ಯಾ, ಲಿಫ್ಟಲ್ಲಿ ಲಿಮ್ ಆಂಟಿ ಸಿಕ್ಕಿದ್ರು ಕಣೆ. ನಿನ್ನ ಫ್ರೆಂಡ್ ಯಾಕೆ ಹೊರಗೇ ಹೋಗಲ್ಲ, ದಿನಾ ಅಡುಗೆ ಮಾಡಿ ತಂದ್ಕೊಡ್ತಾಳೆ ಅಂತ ಕೇಳಿದ್ರು. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಅವ್ರಮ್ಮನೂ ಹೇಳಿದ್ರಂತೆ. ನಿನ್ನಿಂದ ಮೂರು ದಿನ ಅವ್ರ ಎಕ್ಸರ್‌ಸೈಜ್ ಕ್ಲಾಸ್ ಮಿಸ್ ಆಗಿದೆ. ನಾಳೆ ಆ ಡಬ್ಬಿ ನನ್ ಹತ್ರ ಬಿಟ್ಟು ನೀನು ಸುಮ್ನೆ ಹೋಗು.”

ನಾನೂ ನಕ್ಕೆ. ಆಮೇಲೆ ಪುಳಿಯೋಗರೆ ಕಲಸುವಾಗ ನಮ್ಮ ಊರು ನೆನಪಾಯಿತು. ಅಮ್ಮ ಹೋದ ಮೇಲೆ ಮೈಸೂರಿನಲ್ಲಿ ನಮ್ಮ ಮನೆಗೆ ಯಾರ ಡಬ್ಬಿಯೂ ಬಂದಿರಲಿಲ್ಲ, ನಾನೂ ಯಾರಿಗೂ ಕೊಟ್ಟಿರಲಿಲ್ಲ. ಪಕ್ಕದ ಮನೆಗೆ ಹೊಸಬರು ಬಂದು ಎರಡು ವರ್ಷವಾಗಿತ್ತು, ಅವರ ಹೆಸರೂ ನನಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ನಾನೇ ಹೋಗಿ ಆಂಟಿಯ ಬಾಗಿಲು ತಟ್ಟಿದೆ. ಪುಳಿಯೋಗರೆ ತುಂಬಿದ ಡಬ್ಬಿಯನ್ನು ಕೊಡದೆ ಎದೆಗವಚಿಕೊಂಡು, “ಕಮ್, ಆಂಟಿ. ದೇರ್ ಈಟ್” ಎಂದು ಹಾಳೆಯಲ್ಲಿದ್ದ ಸಿಂಹದ ಚಿತ್ರ ತೋರಿಸಿದೆ. ಅವರು ಸ್ವಲ್ಪ ಯೋಚಿಸಿ ಒಳಗಿಂದ ಟೋಪಿ ತಂದರು. ಎಂಆರ್‌ಟಿಯ ಎಸ್ಕಲೇಟರಿನ ಮುಂದೆ ನಾನು ಹೆದರಿ ನಿಂತಾಗ ಮಣಿಕಟ್ಟು ಹಿಡಿದು ಎಳೆದುಕೊಂಡವರು, ಇಳಿಯುವ ತನಕ ಬಿಡಲಿಲ್ಲ. ಒಬ್ಬಳೇ ಸುತ್ತುವ ಪ್ರವಾಸಿಯ ಮರ್ಯಾದೆ ಅಲ್ಲಿಗೆ ಮುಗಿಯಿತು.

ಸಿಂಹದ ಮೀನಿನ ಎದುರು, ನೀರಿನ ಪಕ್ಕದ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಿಂದ ಇಬ್ಬರೂ ತಿಂದೆವು. ಎಂಜಲು ಎಂದು ಅಮ್ಮ ಬೈಯುತ್ತಿದ್ದಳು. ಅವಳ ಒಂದು ನಿಯಮವನ್ನು ಮೂರು ದಿನ ಪಾಲಿಸಿದ್ದೆನಲ್ಲ, ಇನ್ನೊಂದಕ್ಕೆ ರಜೆ ಕೊಟ್ಟೆ. ಕೊನೆಯ ತುತ್ತು ಮುಗಿದಾಗ ಆಂಟಿ ಡಬ್ಬಿಯೊಳಗೆ ಇಣುಕಿ, “ಫಿನಿಶ್” ಎಂದು ನಕ್ಕರು. ಇನ್ನು ಯಾರೂ ಯಾರಿಗೂ ಏನೂ ತುಂಬಿಸಿ ಕೊಡಬೇಕಾಗಿರಲಿಲ್ಲ. ಅದಕ್ಕೇ ನನಗೆ ಅಳು ಬಂತು. ಟೋಪಿ ಕೆಳಕ್ಕೆ ಎಳೆದುಕೊಂಡೆ. ಆಂಟಿ ನನ್ನ ಮೊಬೈಲ್ ಕಸಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಶಾಲೆ ತೆರೆದ ದಿನ ಅಚ್ಯುತ ಮೇಷ್ಟ್ರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಸಿಂಹದ ತಲೆ ಅರ್ಧ ಕತ್ತರಿಸಿಹೋಗಿತ್ತು. ನಾನು ಮತ್ತು ಹಸಿರು ಮುಚ್ಚಳದ ಡಬ್ಬಿ ಮಾತ್ರ ಪೂರ್ತಿ ಬಂದಿದ್ದೆವು.

“ಒಬ್ಬರೇ ಹೋಗಿದ್ರಲ್ಲ ಮೇಡಂ, ಇದನ್ನ ತೆಗೆದಿದ್ದು ಯಾರು?”

ಯಾರೋ ದಾರಿಹೋಕರು ಎನ್ನಬಹುದಿತ್ತು. ವಿಮಾನದಲ್ಲಿ ಕೂತು ಆ ಸುಳ್ಳನ್ನು ಸಿದ್ಧ ಮಾಡಿಯೂ ಇಟ್ಟುಕೊಂಡಿದ್ದೆ.

“ನಮ್ಮ ಪಕ್ಕದ ಮನೆಯವರು” ಎಂದೆ.